ಖಾಲಿ ಬಂದ ಸ್ಕ್ಯಾನ್ ಮತ್ತು ಸದಾಶಿವಯ್ಯನವರ ಅಡುಗೆಮನೆ

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂವರೆ ಗಂಟೆ. ಸ್ಥಳ, ಬನ್ನೇರುಘಟ್ಟ ರಸ್ತೆಯ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿರುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ. ಕಂಪ್ಯೂಟರ್ ಪರದೆಯ ಮುಂದೆ ನಾಲ್ವರಿದ್ದೆವು. ವಿಭಾಗದ ಹಿರಿಯ ವೈದ್ಯೆಯಾದ ನಾನು, ಗಾಮಾ ಕ್ಯಾಮೆರಾ ನಡೆಸುವ ಟೆಕ್ನಾಲಜಿಸ್ಟ್ ನವೀನ, ರೋಗಿಯ ಪತಿ ಸದಾಶಿವಯ್ಯ ಮತ್ತು ರೋಗಿಯ ತಂಗಿ ಭಾಗ್ಯ. ರೋಗಿ ಕಮಲಾಕ್ಷಿಯವರು ದಪ್ಪ ಗಾಜಿನ ಆಚೆ, ಕ್ಯಾಮೆರಾದ ಕೆಳಗೆ ಅಲುಗಾಡದೆ ಮಲಗಿದ್ದರು. ಅವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ಕಮಲಾಕ್ಷಿಯವರಿಗೆ ಅರವತ್ತೊಂದು ವರ್ಷ. ಜಯನಗರದ ನಾಲ್ಕನೇ ಟಿ ಬ್ಲಾಕಿನ ತಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಆರು ವರ್ಷಗಳ ಹಿಂದೆ ಥೈರಾಯ್ಡ್ ಕ್ಯಾನ್ಸರ್ ಆಗಿ ಗ್ರಂಥಿಯನ್ನು ತೆಗೆಸಿಕೊಂಡಿದ್ದರು. ಆಮೇಲೆ ರೋಗ ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕಾಣಿಸಿಕೊಂಡಿತು. ಇಂಥ ಗಂಟುಗಳಿಗೆ ನಮ್ಮ ವಿಭಾಗದ ಮುಖ್ಯ ಆಯುಧ ರೇಡಿಯೋ ಅಯೋಡಿನ್. ಥೈರಾಯ್ಡ್ ಜೀವಕೋಶ ಅಯೋಡಿನ್ ಕಂಡರೆ ಒಳಗೆ ಎಳೆದುಕೊಳ್ಳುತ್ತದೆ. ಅದು ಶರೀರದಲ್ಲಿ ಎಲ್ಲಿಗೆ ಹೋಗಿ ಕೂತಿದ್ದರೂ ಈ ಗುಣವನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ವಿಕಿರಣ ಸೂಸುವ ಅಯೋಡಿನ್ ಕುಡಿಸಿದರೆ ಅದು ನೇರವಾಗಿ ಗಂಟಿನೊಳಗೆ ಹೋಗಿ ಅದನ್ನು ಸುಡುತ್ತದೆ.

ಕಮಲಾಕ್ಷಿಯವರ ಗಂಟುಗಳು ಆ ಗುಣವನ್ನು ಕಳೆದುಕೊಂಡಿದ್ದವು. ಜೀವಕೋಶದ ಹೊರಪದರದಲ್ಲಿ ಅಯೋಡಿನನ್ನು ಒಳಗೆ ಬಿಡುವ ಬಾಗಿಲಿನಂಥ ಒಂದು ಪ್ರೋಟೀನ್ ಇರುತ್ತದೆ. ಕ್ಯಾನ್ಸರ್ ಹಟಮಾರಿಯಾದಂತೆ ಈ ಬಾಗಿಲು ಮುಚ್ಚಿಹೋಗುತ್ತದೆ. ಮೊದಲೆಲ್ಲ ಅಲ್ಲಿಗೆ ನಮ್ಮ ಕೆಲಸ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಬೇರೆ ದಾರಿಯೊಂದು ತೆರೆದಿದೆ. ಬಾಗಿಲು ಮುಚ್ಚಿಸುವ ಸಂಕೇತ ಜೀವಕೋಶದೊಳಗೆ ಒಂದು ಸರಪಳಿಯಲ್ಲಿ ಹರಿಯುತ್ತದೆ. ಆ ಸರಪಳಿಯ ಒಂದು ಕೊಂಡಿಯಾದ ಮೆಕ್ ಎಂಬ ಪ್ರೋಟೀನನ್ನು ಮಾತ್ರೆಯಿಂದ ಕೆಲವು ವಾರ ತಡೆದರೆ, ಕೆಲವು ರೋಗಿಗಳಲ್ಲಿ ಬಾಗಿಲು ಮತ್ತೆ ತೆರೆಯುತ್ತದೆ. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ ಮಾತ್ರ. ತೆರೆದಿದೆಯೇ ಎಂದು ಸ್ವಲ್ಪವೇ ಅಯೋಡಿನ್ ಕೊಟ್ಟು ಸ್ಕ್ಯಾನ್ ಮಾಡಿ ನೋಡಬೇಕು. ಗಂಟುಗಳು ಬೆಳಗಿದರೆ ದೊಡ್ಡ ಡೋಸ್ ಕೊಡಬಹುದು. ಬೆಳಗದಿದ್ದರೆ ಆ ದಾರಿ ಬಂದ್.

ಕಮಲಾಕ್ಷಿಯವರಿಗೆ ನಾಲ್ಕು ವಾರ ಮಾತ್ರೆ ಕೊಟ್ಟೆವು, ಸ್ಕ್ಯಾನಿಗೆ ಮುಂಚೆ ಎರಡು ಇಂಜೆಕ್ಷನ್ ಕೂಡ. ಕೊನೆಯ ಎರಡು ವಾರ ಅಯೋಡಿನ್ ಇಲ್ಲದ ಪಥ್ಯ. ಶರೀರದಲ್ಲಿ ಮಾಮೂಲಿ ಅಯೋಡಿನ್ ತುಂಬಿಕೊಂಡಿದ್ದರೆ ನಾವು ಕೊಡುವ ಅಯೋಡಿನಿಗೆ ಜಾಗವಿರುವುದಿಲ್ಲ. ಆದ್ದರಿಂದ ಅಂಗಡಿಯ ಉಪ್ಪಿಲ್ಲ, ಹಾಲು ಮೊಸರಿಲ್ಲ, ಬೇಕರಿ ತಿಂಡಿಯಿಲ್ಲ, ಹೋಟೆಲ್ ಇಲ್ಲ. ಈ ಪಥ್ಯವನ್ನು ಇಪ್ಪತ್ತು ವರ್ಷಗಳಿಂದ ನಾನೇ ಬಾಯಿಮಾತಿನಲ್ಲಿ, ಒಂದೇ ಕ್ರಮದಲ್ಲಿ, ಪ್ರತಿ ರೋಗಿಗೂ ಹೇಳಿಕೊಂಡು ಬಂದಿದ್ದೇನೆ. ಸ್ಕ್ಯಾನ್ ಖಾಲಿ ಬಂದರೆ ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ, ಉಪ್ಪಿನದು. ಕಿರಿಯರಿಗೂ ಹಾಗೆಯೇ ಕಲಿಸಿದ್ದೇನೆ.

ಆ ದಿನ ಸ್ಕ್ಯಾನ್ ಖಾಲಿ ಬಂತು. ನವೀನ ಚಿತ್ರದ ಹೊಳಪನ್ನು ಎರಡು ಬಾರಿ ಏರಿಸಿ ನೋಡಿದ. ಶ್ವಾಸಕೋಶ ಇರಬೇಕಾದ ಕಡೆ ಕತ್ತಲೆ, ಅಷ್ಟೇ.

ನಾನು ಸದಾಶಿವಯ್ಯನವರ ಕಡೆ ತಿರುಗಿದೆ. ಅವರಿಗೆ ಅರವತ್ತೇಳು. ಬನಶಂಕರಿಯಲ್ಲಿ ಸ್ಟೇಷನರಿ ಅಂಗಡಿ ನಡೆಸಿ, ಅದನ್ನು ಮಾರಿ ಮನೆಯಲ್ಲಿದ್ದರು. ಹೆಂಡತಿಗೆ ಹುಷಾರಿಲ್ಲದಾದ ಮೇಲೆ ಅಡುಗೆ ಕಲಿತವರು. ಅದನ್ನು ಹೇಳಿಕೊಳ್ಳುವಾಗ ಅವರ ಮುಖದಲ್ಲಿ ಸಣ್ಣ ಹೆಮ್ಮೆ ಇರುತ್ತಿತ್ತು.

“ಉಪ್ಪು ಯಾವುದು ಹಾಕಿದ್ರಿ?”

“ಸೈಂಧವ ಲವಣ ಮೇಡಂ, ನೀವು ಹೇಳಿದ್ದೇ. ಗ್ರಂಧಿಗೆ ಅಂಗಡಿಯಿಂದ ನಾನೇ ತಂದೆ. ಅವಳ ಜೊತೆ ನಾನೂ ಅದನ್ನೇ ತಿಂದೆ. ಮೊಸರನ್ನವೂ ಬಿಟ್ಟಿದೀನಿ.”

“ಒಂದಿನಾನೂ ತಪ್ಪಿಲ್ವಾ?”

“ಇಲ್ಲ ಮೇಡಂ.”

“ಯೋಚನೆ ಮಾಡಿ ಹೇಳಿ. ಈ ಪಿಕ್ಚರ್ ಸುಳ್ಳು ಹೇಳಲ್ಲ. ಮನೇಲಿ ಎಲ್ಲೋ ತಪ್ಪಾಗಿದೆ. ಅಡುಗೆ ಮಾಡೋರು ನೀವೊಬ್ರೇ ತಾನೇ?”

ಅವರು ಪರದೆಯನ್ನು ನೋಡಿದರು. ಅಲ್ಲಿ ಏನಿರಬೇಕಿತ್ತು, ಏನಿಲ್ಲ ಎಂಬುದು ಅವರಿಗೆ ತಿಳಿಯುವಂತಿರಲಿಲ್ಲ. ಆಮೇಲೆ ನನ್ನನ್ನು ನೋಡಿದರು. “ಹಾಗಾದ್ರೆ ನಾನೇ ಇರ್ಬೇಕು. ಹುಳಿಗೆ ಒಂದಿನ ಮಾಮೂಲಿ ಉಪ್ಪು ಬಿತ್ತೇನೋ.”

“ಏನೋ ಅಂತಲ್ಲ. ಹಾಕಿದ್ರೋ ಇಲ್ವೋ?”

“ಹಾಕಿದೆ ಮೇಡಂ.”

“ನೋಡಿ, ನಾಲ್ಕು ವಾರದ ಮಾತ್ರೆ, ಇಂಜೆಕ್ಷನ್, ಇಷ್ಟು ಜನರ ಕೆಲಸ, ಎಲ್ಲ ಒಂದು ಚಮಚ ಉಪ್ಪಿಗೆ ಹೋಯ್ತು. ನಿಮ್ಮ ಹೆಂಡತಿಯ ಜೀವ ಇದರ ಮೇಲೆ ನಿಂತಿತ್ತು, ಅದು ನೆನಪಿತ್ತಾ?”

ಭಾಗ್ಯ ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಭಾವ, ನಾನು ಬಂದು ಅಡುಗೆ ಮಾಡ್ತೀನಿ ಅಂದ್ರೆ ಬೇಡ ಅಂದ್ರಲ್ಲ!” ನವೀನ ಕೀಬೋರ್ಡ್ ನೋಡುತ್ತ ಕೂತ. ಗಾಜಿನ ಆಚೆ ಕಮಲಾಕ್ಷಿಯವರು ಎದ್ದು ಕೂತು, ಆಯಿತೇ ಎಂಬಂತೆ ಕೈಸನ್ನೆ ಮಾಡಿದರು. ಅದಕ್ಕೆ ಉತ್ತರ ಕೊಡಲು ಸದಾಶಿವಯ್ಯನವರ ಕೈ ಏಳಲಿಲ್ಲ.

ರೇಡಿಯೋ ಅಯೋಡಿನ್ ಕೊಡುವ ಮೊದಲೇ ಕಮಲಾಕ್ಷಿಯವರ ಮೂತ್ರದ ಮಾದರಿ ತೆಗೆದಿಟ್ಟು ಹೊರಗಿನ ಲ್ಯಾಬಿಗೆ ಕಳಿಸಿದ್ದೆವು. ಶರೀರದಲ್ಲಿ ಎಷ್ಟು ಅಯೋಡಿನ್ ಇದೆ ಎಂದು ಅದು ಹೇಳುತ್ತದೆ. ಫಲಿತಾಂಶ ಬರಲು ವಾರಕ್ಕೂ ಹೆಚ್ಚು ಬೇಕು. ನಾನು ಕಾಯಬಹುದಿತ್ತು, ಕಾಯಲಿಲ್ಲ. ತೀರ್ಪು ಆಗಲೇ ಕೊಟ್ಟಾಗಿತ್ತು. ಮಾತ್ರೆ, ಪಥ್ಯ ಎರಡನ್ನೂ ಮುಂದುವರಿಸಿ, ಇನ್ನೊಮ್ಮೆ ಸ್ಕ್ಯಾನ್ ಮಾಡೋಣ ಎಂದು ಹೇಳಿ ಕಳಿಸಿದ್ದೆ.

ಮುಂದಿನ ವಾರದ ಕೊನೆಯಲ್ಲಿ ಫಲಿತಾಂಶ ಬಂತು. ಅಯೋಡಿನ್ ಹೆಚ್ಚೇ ಇತ್ತು. ಆದರೆ ಅದು ಬರೀ ಹೆಚ್ಚಲ್ಲ, ಅಡುಗೆಮನೆಯಿಂದ ಬರಲು ಸಾಧ್ಯವೇ ಇಲ್ಲದಷ್ಟು ಹೆಚ್ಚು. ಒಂದು ಟೀ ಚಮಚ ಅಯೋಡಿನ್ ಉಪ್ಪಿನಲ್ಲಿರುವ ಅಯೋಡಿನ್ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಒಂದು ದಿನದ ಹುಳಿಗೆ ಬಿದ್ದ ಉಪ್ಪು ಎರಡೇ ದಿನದಲ್ಲಿ ಶರೀರದಿಂದ ಹೊರಟುಹೋಗುತ್ತದೆ. ದಿನವೂ ಮೂರು ಹೊತ್ತೂ ಅಂಗಡಿಯ ಉಪ್ಪನ್ನೇ ತಿಂದಿದ್ದರೂ ಈ ಮಟ್ಟಕ್ಕೆ ಏರುವುದಿಲ್ಲ. ಇದು ನನ್ನ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ. ಆ ಬುಧವಾರ ಅರ್ಧ ನಿಮಿಷ ಸುಮ್ಮನೆ ಕೂತಿದ್ದರೆ ನಾನೂ ಮಾಡಬಹುದಾಗಿದ್ದ ಲೆಕ್ಕ. ಅಯೋಡಿನ್ ಬೇರೆಲ್ಲಿಂದಲೋ ಬಂದಿತ್ತು. ಸದಾಶಿವಯ್ಯ ಮಾಡದ ತಪ್ಪನ್ನು ಒಪ್ಪಿಕೊಂಡಿದ್ದರು.

ತಕ್ಷಣ ಫೋನ್ ಮಾಡಿದೆ. ಕಮಲಾಕ್ಷಿಯವರೇ ಎತ್ತಿದರು.

“ಸಾಕು ಮೇಡಂ. ಮಾತ್ರೆ ನಿಲ್ಲಿಸಿಬಿಟ್ಟಿದೀನಿ. ಇನ್ನು ಸ್ಕ್ಯಾನೂ ಬೇಡ.”

“ಮಾತ್ರೆ ಹಿಡಿಸ್ತಿಲ್ವಾ?”

“ಅದಲ್ಲ. ಮನೇಲಿ ಯಾರ ಮನಸ್ಸೂ ಸರಿ ಇಲ್ಲ. ನನ್ನಿಂದ ಇವರು ಅನ್ನಿಸ್ಕೊಂಡಿದ್ದು ಸಾಕು.”

ನಾನು ರೋಗಿಗಳ ಮನೆಗೆ ಹೋಗುವವಳಲ್ಲ. ಅದು ನಾನೇ ಹಾಕಿಕೊಂಡ ನಿಯಮ. ಆ ಸಂಜೆ ಪುಟ್ಟೇನಹಳ್ಳಿಯ ನನ್ನ ಮನೆಗೆ ಹೋಗುವ ಬದಲು ಡ್ರೈವರಿಗೆ ಜಯನಗರದ ಕಡೆ ತಿರುಗಿಸಲು ಹೇಳಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡೆ.

ಬಾಗಿಲು ತೆರೆದವರು ಭಾಗ್ಯ. ನನ್ನನ್ನು ನೋಡಿ ಗಾಬರಿಯಾಗಿ ಸೆರಗಿಗೆ ಕೈ ಒರೆಸಿಕೊಂಡರು. “ಬನ್ನಿ ಮೇಡಂ, ಬನ್ನಿ. ಈಗ ಏನೂ ಯೋಚನೆ ಇಲ್ಲ, ಅಡುಗೆಮನೆ ನನ್ನ ಕೈಯಲ್ಲಿದೆ. ಭಾವನಿಗೆ ಉಪ್ಪಿನ ಡಬ್ಬಿ ಮುಟ್ಟೋ ಹಾಗೇ ಇಲ್ಲ ಅಂದ್ಬಿಟ್ಟಿದೀನಿ.” ಅದನ್ನು ತಮಾಷೆಯಾಗಿಯೇ ಹೇಳಿದರು. ಸದಾಶಿವಯ್ಯ ನಡುಮನೆಯ ಮೂಲೆಯ ಕುರ್ಚಿಯಿಂದ ಎದ್ದು ಕೈಮುಗಿದರು. “ಈಗ ತರಕಾರಿ ಹೆಚ್ಚೋ ಡ್ಯೂಟಿ ಒಂದೇ ನನ್ನದು. ಅದೂ ಬದನೆಕಾಯಿ ಹೆಚ್ಚಿದ್ರೆ ಹೋಳು ದಪ್ಪ ಆಯ್ತು ಅಂತಾಳೆ ಭಾಗ್ಯ” ಎಂದು ನಕ್ಕರು. ನಾನು ನಗಲು ನೋಡಿದೆ, ಆಗಲಿಲ್ಲ. ಆ ಮನುಷ್ಯನನ್ನು ಅವನ ಮನೆಯ ಒಲೆಯಿಂದಲೇ ಎಬ್ಬಿಸಿ ಕಳಿಸಿದ್ದವಳು ನಾನು.

ಪಾಠದ ಹೊತ್ತಾಗಿತ್ತು. ಐದಾರು ಮಕ್ಕಳು ಒಬ್ಬರ ಹಿಂದೊಬ್ಬರು ಓಣಿಯಂಥ ಜಾಗದ ವಾಷ್ ಬೇಸಿನ್ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಬಾಯಿ ಮುಕ್ಕಳಿಸದೆ ಯಾರೂ ತಂಬೂರಿಯ ಮುಂದೆ ಕೂರುವಂತಿಲ್ಲ ಎಂಬುದು ಆ ಮನೆಯ ಕಟ್ಟಳೆ.

“ಏ, ನೀನು ಬರೀ ಮೂತಿ ಒದ್ದೆ ಮಾಡ್ಕೊಂಡು ಬಂದೆ, ಹೋಗು ಮತ್ತೆ” ಎಂದು ಕಮಲಾಕ್ಷಿಯವರು ಒಂದು ಹುಡುಗಿಯನ್ನು ವಾಪಸು ಕಳಿಸಿದರು. ನನ್ನನ್ನು ಕಂಡು, “ಒಂದು ನಿಮಿಷ ಮೇಡಂ, ಇವರನ್ನ ಕೂರಿಸಿ ಬಂದೆ” ಎಂದರು. ಕೊನೆಯ ಹುಡುಗಿ ಬಂದ ಮೇಲೆ ತಾವೂ ಬೇಸಿನ್ ಹತ್ತಿರ ಹೋದರು. ಕನ್ನಡಿಯ ಹಿಂದಿನ ಗೂಡಿನಿಂದ ಬಾಟಲಿಯೊಂದನ್ನು ತೆಗೆದು ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಕಡು ಕಂದು ಬಣ್ಣದ ದ್ರವ. ತಲೆ ಹಿಂದಕ್ಕೆ ಬಾಗಿಸಿ, ಸಂಗೀತದವರು ಮಾತ್ರ ಮಾಡಬಲ್ಲಷ್ಟು ಹೊತ್ತು ಗಂಟಲಲ್ಲಿ ಅದನ್ನು ಆಡಿಸಿ ಉಗುಳಿದರು. ಮತ್ತೆ ಬಗ್ಗಿಸಿಕೊಂಡರು.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಆಪರೇಷನ್ ಥಿಯೇಟರಿನಲ್ಲಿ ಚರ್ಮಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ನ ವಾಸನೆ. ಅದೇ ಔಷಧಿ ತೆಳುವಾಗಿ, ಗಾರ್ಗಲ್ ಎಂಬ ಹೆಸರಿನಲ್ಲಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬಾಯಿಯ ಒಳಚರ್ಮ ಅದನ್ನು ಹೀರಿಕೊಳ್ಳುತ್ತದೆ. ಹುಣ್ಣಾದ ಬಾಯಿಯಾದರೆ ಕೇಳುವುದೇ ಬೇಡ.

ನಾನು ಹತ್ತಿರ ಹೋದೆ. “ಕಮಲಾಕ್ಷಿಯವರೇ, ಬಾಯಿ ತೆಗೀರಿ.”

ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಮಕ್ಕಳ ಕಡೆ ಒಮ್ಮೆ ನೋಡಿದರು. ಭಾಗ್ಯ ಮಕ್ಕಳಿಗೆ ಸರಳೆ ಹೇಳಲು ಹೇಳಿ ನಡುವಿನ ಬಾಗಿಲು ಎಳೆದರು. ಆಮೇಲೆ ಕಮಲಾಕ್ಷಿಯವರು ಬಾಯಿ ತೆರೆದರು. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಬಿಳಿ ಹುಣ್ಣು. ಮಾತ್ರೆ ನಿಲ್ಲಿಸಿದ್ದರೂ ಇನ್ನೂ ಮಾಯ್ದಿರಲಿಲ್ಲ. ನಾವು ಕೊಟ್ಟ ಮಾತ್ರೆಯ ಅಡ್ಡ ಪರಿಣಾಮಗಳಲ್ಲಿ ಇದೂ ಒಂದು ಎಂಬುದು ನನಗೆ ಗೊತ್ತೇ ಇತ್ತು. ಆದರೆ ಸ್ಕ್ಯಾನಿಗೆ ಬಂದ ದಿನ ನಾನು ಅವರ ಶ್ವಾಸಕೋಶವನ್ನೇ ನೋಡುತ್ತಿದ್ದೆ. ಬಾಯಿ ತೆರೆಸಿ ನೋಡಿರಲಿಲ್ಲ.

“ಯಾವಾಗಿಂದ?”

“ಮಾತ್ರೆ ಶುರುವಾಗಿ ಹತ್ತು ಹನ್ನೆರಡು ದಿನಕ್ಕೆ ಬಂತು.”

“ಹೇಳ್ಬೇಕಿತ್ತಲ್ಲ?”

“ಹೇಳಿದ್ರೆ ಮಾತ್ರೆ ನಿಲ್ಲಿಸ್ತೀರ ಅನ್ಕೊಂಡೆ.” ಅವರ ದನಿ ಇಳಿಯಿತು. “ಆಮೇಲೆ, ಹೇಳೋಕೂ ನಾಚಿಕೆ ಮೇಡಂ. ಮಕ್ಕಳ ಎದುರಿಗೆ ಕೂತು ಬಾಯಿ ತೆಗೆದು ಹಾಡಬೇಕು. ನನಗೇ ವಾಸನೆ ಬರ್ತಿತ್ತು. ನಾನೇ ಅವರಿಗೆ ಬಾಯಿ ತೊಳ್ಕೊಂಡು ಬನ್ನಿ ಅಂತೀನಿ, ನನ್ನ ಬಾಯಿ ಹೀಗೆ. ಮೆಡಿಕಲ್ ಶಾಪಿನವನು ಇದು ಒಳ್ಳೇದು ಅಂದ. ಪ್ರತಿ ಬ್ಯಾಚಿಗೂ ಮುಂಚೆ ಮಾಡ್ತೀನಿ.”

“ದಿನಕ್ಕೆ ಎಷ್ಟು ಬ್ಯಾಚು?”

“ನಾಲ್ಕು.”

“ಇದರಲ್ಲಿ ಇರೋದೇ ಅಯೋಡಿನ್ ಕಮಲಾಕ್ಷಿಯವರೇ.”

ಅವರು ಲೋಟವನ್ನೇ ನೋಡಿದರು. “ನೀವು ತಿನ್ನೋದನ್ನ ಕೇಳಿದ್ರಿ. ನಾನು ಇದನ್ನ ತಿನ್ನಲಿಲ್ಲ. ಉಗೀತಿದ್ದೆ.”

ಅದು ದೂರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇಪ್ಪತ್ತು ವರ್ಷಗಳಿಂದ ನಾನು ಹೇಳುತ್ತ ಬಂದಿದ್ದ ಪಾಠದಲ್ಲಿ ಉಪ್ಪು, ಮೊಸರು, ಮೊಟ್ಟೆ, ಬ್ರೆಡ್ಡು ಎಲ್ಲ ಇತ್ತು, ಕೆಮ್ಮಿನ ಔಷಧಿ ಕೂಡ ಇತ್ತು. ಉಗುಳುವುದು ಇರಲಿಲ್ಲ.

ಅಷ್ಟರಲ್ಲಿ ಅವರ ಮುಖ ಬದಲಾಯಿತು. ಬಾಗಿಲ ಹತ್ತಿರ ನಿಂತಿದ್ದ ಗಂಡನ ಕಡೆ ತಿರುಗಿದರು. “ರೀ, ಹಾಗಾದ್ರೆ ಉಪ್ಪಿಂದಲ್ಲ! ನೀವ್ಯಾಕ್ರೀ ನಾನು ಹಾಕಿದೆ ಅಂತ ಒಪ್ಕೊಂಡ್ರಿ?”

ಸದಾಶಿವಯ್ಯ ಬಾಯಿ ತೆರೆಯುವ ಮೊದಲೇ ಭಾಗ್ಯ, “ನೋಡಕ್ಕಾ, ನಿನ್ನ ಕಡೆ ಬೆರಳು ಬರಬಾರದು ಅಂತ ಭಾವ ತಮ್ಮ ಮೇಲೆ ಹಾಕ್ಕೊಂಡಿದಾರೆ” ಎಂದು ಕಣ್ಣೊರೆಸಿಕೊಂಡರು. ನಾನೂ ಹಾಗೆಯೇ ತಿಳಿದೆ. ಹೆಂಡತಿಯನ್ನು ಕಾಪಾಡಲು ಹೇಳಿದ ಸುಳ್ಳು ಎಂದರೆ ನನ್ನ ಪಾಲಿನ ತಪ್ಪು ಸ್ವಲ್ಪ ಹಗುರಾಗುತ್ತಿತ್ತು. ಹಾಗೆ ಹಗುರಾದುದನ್ನು ನಾನು ಬೇಡವೆನ್ನಲಿಲ್ಲ. ಅವರ ಕ್ಷಮೆ ಕೇಳಬೇಕೆಂದೇ ಬಂದಿದ್ದೆ. ಮಕ್ಕಳ ಸರಳೆ, ಭಾಗ್ಯರ ಕಾಫಿಯ ಗಡಿಬಿಡಿ, ಮುಂದೆ ಏನು ಮಾಡಬೇಕೆಂಬ ಮಾತು, ಇವುಗಳ ನಡುವೆ ಕೇಳದೆಯೇ ಹೊರಟುಬಂದೆ.

ಮುಂದಿನದು ವೈದ್ಯಕೀಯ. ಗಾರ್ಗಲ್ ನಿಲ್ಲಿಸಿದೆವು. ಹುಣ್ಣಿಗೆ ಅಯೋಡಿನ್ ಇಲ್ಲದ ಬೇರೆ ಔಷಧಿ ಕೊಟ್ಟೆವು. ಬಾಯಿ ಮಾಯ್ದು, ಮೂತ್ರದಲ್ಲಿ ಅಯೋಡಿನ್ ಇಳಿಯುವವರೆಗೆ ಕಾದೆವು. ದೀಪಾವಳಿ ಕಳೆದ ಮೇಲೆ ಮತ್ತೆ ನಾಲ್ಕು ವಾರ ಅದೇ ಮಾತ್ರೆ. ಈ ಸಲ ಪ್ರತಿ ವಾರ ಕರೆಸಿ ಬಾಯಿ ತೆರೆಸಿ ನೋಡಿದೆ. ಮೂತ್ರದ ಫಲಿತಾಂಶ ಕೈಗೆ ಬಂದ ಮೇಲಷ್ಟೇ ಸ್ಕ್ಯಾನಿನ ದಿನ ಗೊತ್ತು ಮಾಡಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅದೇ ಕೋಣೆ, ಅದೇ ನಾಲ್ವರು. ಗಾಜಿನ ಆಚೆ ಕಮಲಾಕ್ಷಿಯವರು. ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಎದೆಯ ಭಾಗ ಬಂದಾಗ ಬಲ ಶ್ವಾಸಕೋಶದಲ್ಲಿ ಒಂದು ಚುಕ್ಕಿ ಬೆಳಗಿತು, ಅದರ ಕೆಳಗೆ ಇನ್ನೊಂದು, ಆಮೇಲೆ ಒಟ್ಟೊಟ್ಟಿಗೆ ಮೂರ್ನಾಲ್ಕು.

“ಮೇಡಂ, ಹಿಡೀತು!” ಎಂದ ನವೀನ, ಎಂದೂ ದನಿ ಏರಿಸದವನು.

ಎಡಗಡೆ ಅಷ್ಟಿರಲಿಲ್ಲ. ಕೆಳಭಾಗದ ಎರಡು ಗಂಟುಗಳು ಕತ್ತಲೆಯಾಗಿಯೇ ಉಳಿದವು. ರೋಗ ವಾಸಿಯಾಯಿತು ಎನ್ನುವ ಚಿತ್ರ ಅದಲ್ಲ. ಚಿಕಿತ್ಸೆಗೆ ದಾರಿ ಇದೆ ಎಂದು ಹೇಳುವ ಚಿತ್ರ. ಕಮಲಾಕ್ಷಿಯವರನ್ನೂ ಕರೆಸಿ, ಅದನ್ನು ಮನೆಯ ಮೂವರಿಗೂ ಬಿಡಿಸಿ ಹೇಳಿದೆ, ಎಡಗಡೆಯ ಎರಡನ್ನೂ ಮುಚ್ಚಿಡದೆ ತೋರಿಸಿದೆ. ಎರಡು ದಿನ ಬಿಟ್ಟು, ಚಿಕಿತ್ಸೆಯ ದೊಡ್ಡ ಡೋಸ್ ಕೊಡುವುದೆಂದಾಯಿತು.

ಡೋಸಿನ ದಿನ ಮಧ್ಯಾಹ್ನ ಕಮಲಾಕ್ಷಿಯವರು ಸೀಸದ ಗೋಡೆಯ ಪ್ರತ್ಯೇಕ ಕೋಣೆಯಲ್ಲಿ ಡೋಸ್ ಕುಡಿದರು. ಕೆಲವು ದಿನ ಅವರ ಶರೀರದಿಂದ ವಿಕಿರಣ ಹೊರಬರುವುದರಿಂದ ಯಾರೂ ಹತ್ತಿರ ಹೋಗುವಂತಿಲ್ಲ. ಬಾಗಿಲ ಹೊರಗೆ ಸದಾಶಿವಯ್ಯ, ಭಾಗ್ಯ, ನವೀನ ನಿಂತಿದ್ದರು. ಬೈದದ್ದು ಇವರ ಎದುರಿಗೇ ಆದ್ದರಿಂದ ಹೇಳಬೇಕಾದದ್ದೂ ಇವರ ಎದುರಿಗೇ ಎಂದು ನಿಶ್ಚಯಿಸಿಕೊಂಡು ಬಂದಿದ್ದೆ.

“ಸದಾಶಿವಯ್ಯನವರೇ, ಆವತ್ತು ನಾನು ನಿಮಗೆ ಅಂದಿದ್ದು ತಪ್ಪು. ಗೊತ್ತಿಲ್ಲದೆ ಅಂದೆ, ಎಲ್ಲರ ಮುಂದೆ ಅಂದೆ. ಕ್ಷಮಿಸಿ. ನೀವು ಹೆಂಡತಿಗೋಸ್ಕರ ತಲೆ ಕೊಟ್ರಿ, ಅದೂ ನನಗೆ ತಿಳೀಲಿಲ್ಲ.”

ಅವರು ಸಂಕೋಚದಿಂದ ಕೈಯಾಡಿಸಿದರು. “ಬಿಡಿ ಮೇಡಂ. ಆದ್ರೆ ಭಾಗ್ಯ ಹೇಳಿದ ಹಾಗಲ್ಲ ಅದು. ಗಾರ್ಗಲ್‌ನಲ್ಲಿ ಅಯೋಡಿನ್ ಇರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ.”

“ಮತ್ತೆ?”

“ನಾನು ಹಾಕಿದೀನಿ ಅಂತಲೇ ನಂಬಿದ್ದೆ.” ಅವರು ನೆಲ ನೋಡುತ್ತ ಮಾತಾಡಿದರು. “ಹಾಕಿಲ್ಲ ಅಂತ ಚೆನ್ನಾಗಿ ನೆನಪಿತ್ತು. ಮನೇಲಿ ಬೇರೆ ಉಪ್ಪೇ ಇರಲಿಲ್ಲ, ಇದ್ದ ಪ್ಯಾಕೆಟ್ಟನ್ನ ನಾನೇ ಪಕ್ಕದ ಮನೆಗೆ ಕೊಟ್ಟಿದ್ದೆ. ಆದ್ರೆ ನೀವು ಇಷ್ಟು ಓದಿದೋರು, ಆ ಮೆಷಿನ್ ಮುಂದೆ ಕೂತು, ತಪ್ಪಾಗಿದೆ ಅಂದ್ರಿ. ನನ್ನ ನೆನಪು ಏನು ಮಹಾ ಅನ್ನಿಸ್ತು. ಮನೆಗೆ ಹೋಗಿ ಹುಳಿ ಮಾಡೋದನ್ನ ನೆನೆಸ್ಕೊಂಡ್ರೆ, ಕೈಯಲ್ಲಿ ಆ ಉಪ್ಪು ಇರೋ ಹಾಗೇ ಕಾಣೋದು ಮೇಡಂ. ಕಮಲನ್ನ ನಾನೇ ಕೊಂದೆ ಅನ್ಕೊಂಡು ಹತ್ತು ದಿನ ಇದ್ದೆ.”

ಭಾಗ್ಯ ಅವರ ತೋಳು ಹಿಡಿದುಕೊಂಡರು. “ಭಾವ, ಒಂದು ಮಾತು ಹೇಳ್ಬಾರ್ದಾ?” ಎಂದರು, ಅಳುದನಿಯಲ್ಲಿ. ಕ್ಷಮೆ ಕೇಳಿ ಮುಗಿಸಬಹುದಾದಷ್ಟು ಸಣ್ಣದಲ್ಲ ಅದು ಎಂದು ಆಗ ತಿಳಿಯಿತು. ಒಬ್ಬರ ಮೇಲೆ ತಪ್ಪು ಹೊರಿಸಿದ್ದೆ ಎಂದುಕೊಂಡಿದ್ದೆ. ನಿಜವಾಗಿ, ಒಬ್ಬರ ನೆನಪನ್ನೇ ಕಿತ್ತು ಅಲ್ಲಿ ನನ್ನ ಊಹೆಯನ್ನು ನೆಟ್ಟಿದ್ದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬಿಳಿ ಕೋಟು ಹಾಕಿಕೊಂಡು ಗಟ್ಟಿಯಾಗಿ ಕೇಳಿದ ಪ್ರಶ್ನೆಗೆ ಜನ ಉತ್ತರ ಕೊಡುವುದಿಲ್ಲ, ನಾವು ಬಯಸಿದ್ದನ್ನು ಕೊಡುತ್ತಾರೆ. ಈಗ ನಾನು ಯಾರನ್ನೂ ಉಪ್ಪು ಯಾವುದು ಎಂದು ಮೊದಲಿಗೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಏನೇನು ಮಾಡ್ತೀರಿ, ಹೇಳಿ ಎನ್ನುತ್ತೇನೆ. ಅವರು ಹೇಳುವಾಗ ಪರದೆಯನ್ನು ಆರಿಸಿರುತ್ತೇನೆ. ಕಿರಿಯರಿಗೆ ಇದು ಸಮಯ ಹಾಳು ಮಾಡುವಂತೆ ಕಾಣುತ್ತದೆ. ಕಂಡರೆ ಕಾಣಲಿ.

ಸದಾಶಿವಯ್ಯ ಹೋಗುವ ಮೊದಲು ಒಂದು ಮಾತು ಕೇಳಿದರು. “ನಾಳೆಯೂ ಅವಳಿಗೆ ಪಥ್ಯದ ಊಟವೇ ಅಲ್ವಾ? ಆಸ್ಪತ್ರೇದು ಅವಳಿಗೆ ಸೇರಲ್ಲ. ನಾನು ಮಾಡಿ ತರಬಹುದಾ?”

ಪ್ರತ್ಯೇಕ ಕೋಣೆಯ ರೋಗಿಗೆ ಆಸ್ಪತ್ರೆಯ ಅಡುಗೆಮನೆಯ ಊಟ ಮಾತ್ರ ಎಂಬುದು ನಮ್ಮ ವಿಭಾಗದ ನಿಯಮ. ಅದನ್ನು ಮಾಡಿದವಳು ನಾನೇ.

“ತನ್ನಿ. ಪಾತ್ರೆ ಮಾತ್ರ ವಾಪಸು ಕೊಡೋದಿಲ್ಲ. ಎಸೆಯೋ ಡಬ್ಬಿಯಲ್ಲಿ ತನ್ನಿ.”

“ಏನು ಮಾಡ್ತೀರಿ ಭಾವ?” ಎಂದರು ಭಾಗ್ಯ.

“ಹುಳಿ” ಎಂದರು ಸದಾಶಿವಯ್ಯ. “ಬದನೆಕಾಯಿ ನೀನು ಹೆಚ್ಚಿಕೊಡು.”

ಅವರು ಲಿಫ್ಟಿನ ಕಡೆ ಹೋದ ಮೇಲೆ ಬಾಗಿಲ ಬಳಿ ಮೀಟರ್ ಹಿಡಿದು ವಿಕಿರಣದ ಮಟ್ಟ ನೋಡಿ ಬರೆದೆ. ಆಮೇಲೆ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿ, ನಾಳೆ ಮಧ್ಯಾಹ್ನ ಹನ್ನೆರಡೂವರೆಗೆ ಕಮಲಾಕ್ಷಿಯವರಿಗೆ ಮನೆಯಿಂದ ಊಟ ಬರುತ್ತದೆ, ತಂದವರನ್ನು ಏನೂ ಕೇಳದೆ ಒಳಗೆ ಕೊಡಿ ಎಂದು ಹೇಳಿದೆ. ಆ ದಿನಕ್ಕೆ ಉಳಿದಿದ್ದ ಕೆಲಸ ಅದೊಂದೇ.